ಜಾವಾ ಕ್ಲಾಸಿನಲ್ಲಿ ಎದ್ದ ಸೊನ್ನೆ

ಗೆಳೆಯರೇ, ಇವತ್ತು ಜಯನಗರದ ಜಾವಾ ಕ್ಲಾಸಿನಲ್ಲಿ ನನ್ನದೇ ದರ್ಬಾರು!

ಪಟ್ಟಿಯೊಂದರಲ್ಲಿರುವ ಸೊನ್ನೆಗಳನ್ನೆಲ್ಲ ತೆಗೆದುಹಾಕುವ ಪ್ರೋಗ್ರಾಂ ಬರೆಯಬೇಕಿತ್ತು. ಅಕ್ಕಪಕ್ಕ ಎರಡು ಸೊನ್ನೆ ಬಂದರೆ ಎಲ್ಲರ ಪ್ರೋಗ್ರಾಮಿನಲ್ಲೂ ಎರಡನೆಯದು ಹಾಗೇ ಉಳಿಯುತ್ತಿತ್ತು.

"ಯಾಕೆ ಅಂತ ಯಾರಾದ್ರೂ ಹೇಳ್ತೀರಾ?" ಎಂದರು ಮೇಷ್ಟ್ರು. ನಾನು ಕೈ ಎತ್ತಿದೆ.

"ಆಂಟಿ, ಇದು ಹುಳಿಪುಡಿ ರೆಸಿಪಿ ಅಲ್ಲ" ಎಂದು ಮುಂದಿನ ಬೆಂಚಿನ ಹುಡುಗ ನಕ್ಕ. ಪಿತ್ತ ನೆತ್ತಿಗೇರಿತು. ನೇರ ಅವನ ಬೆಂಚಿನ ಮುಂದೆ ಹೋಗಿ ನಿಂತೆ.

"ನೀನೊಂದು ಸೊನ್ನೆ ಅನ್ಕೋ. ಎದ್ದೇಳಪ್ಪಾ. ಮಿಕ್ಕೋರು ಕ್ಲಿನಿಕ್ಕಲ್ಲಿ ಒಬ್ಬರು ಎದ್ರೆ ಜರುಗೋ ಹಾಗೆ ಜರುಗಿ."

ಅವನು ಎದ್ದ, ಪಕ್ಕದವರೆಲ್ಲ ಒಂದೊಂದು ಜಾಗ ಜರುಗಿದರು.

"ನೋಡಿ ಸಾರ್, ಮೂರನೇ ಜಾಗದಲ್ಲಿದ್ದ ಈ ಸೊನ್ನೆ ಎದ್ದ ತಕ್ಷಣ ನಾಲ್ಕನೇ ಜಾಗದ ಸೊನ್ನೆ ಅಲ್ಲಿಗೆ ಬಂತು. ನಾವು ಮೂರು ಮುಗೀತು ಅಂತ ನಾಲ್ಕನೇ ಜಾಗ ನೋಡ್ತೀವಿ. ಮೂರಕ್ಕೆ ಜರುಗಿದ್ದ ಸೊನ್ನೆ ತಪ್ಪಿಸ್ಕೊಳ್ತು! ಕೊನೆಯಿಂದ ನೋಡ್ಕೊಂಡು ಬಂದ್ರೆ ಯಾವ್ದೂ ತಪ್ಪಿಸ್ಕೊಳ್ಳಲ್ಲ."

ಹಾಗೇ ತಿದ್ದಿ ಓಡಿಸಿದೆವು. ಒಂದು ಸೊನ್ನೆಯೂ ಉಳಿಯಲಿಲ್ಲ. ಮೇಷ್ಟ್ರೇ ಚಪ್ಪಾಳೆ ತಟ್ಟಿದರು.

ಹುಡುಗ ಮತ್ತೆ ಕೂರಲು ಬಂದ. ಅವನ ಜಾಗವೇ ಇರಲಿಲ್ಲ.

"ಕೊನೆಗೆ ಹೋಗಪ್ಪಾ" ಎಂದೆ. "ಪಟ್ಟಿಗೆ ಹೊಸದಾಗಿ ಸೇರೋರಿಗೆ ಅಲ್ಲೇ ಜಾಗ."