ಕೌದಿ ಹೊಟ್ಟಿ

ನಮ್ಮ ಆಯಿ ಸತ್ತ ಮ್ಯಾಲೂ ಆಕಿ ಉಸಿರು ನಮ್ಮ ಮನ್ಯಾಗ ಕೇಳಿತು. ಯಾರೋ ಹೇಳಿದ್ದಲ್ಲ, ನಾನ ಕೇಳೇನಿ.

ಆಯಿ ಅಂದ್ರ ನಮ್ಮವ್ವನ ಅವ್ವ. ಕಡೀತನಕ ಬ್ಯಾಡಗ್ಯಾಗ ನಮ್ಮ ಕೂಡನ ಇದ್ಲು. ಆಕಿಗೆ ದಮ್ಮು. ನಸುಕಿನ್ಯಾಗ ಎದ್ದು ಕುಂತು ಉಸಿರು ಎಳಿಯಾಕಿ. ಎದಿಯೊಳಗ ಯಾರೋ ಸಣ್ಣ ಸೀಟಿ ಊದಿದಂಗ ಸಪ್ಪಳ. ಆಮ್ಯಾಲ ಒಂದು ಒಣ ಕೆಮ್ಮು, ಮತ್ತ ಸೀಟಿ.

ಆಕಿ ಹೋದ ಮ್ಯಾಲ ಉಳದದ್ದು ಒಂದು ಕೌದಿ. ತನ್ನ ಹಳೇ ಸೀರಿ ಪದರಾ ಪದರಾ ಹಾಕಿ ತಾನ ಹೊಲದದ್ದು. ನಮ್ಮ ಕಡೆ ಕೌದಿ ಹೊಲಿಯುವಾಗ ಕಡೀ ಮೂಲಿ ಮುಚ್ಚೂಕಿಂತ ಮೊದ್ಲ ಒಳಗ ಒಂದು ತುಣುಕು ರೊಟ್ಟಿ ಇಡ್ತಾರ. ಕೌದಿ ಹೊಟ್ಟಿ ಖಾಲಿ ಇರಬಾರದಂತ. ಸಣ್ಣವರಿದ್ದಾಗ ಆಯಿ ನಮ್ಮನ್ನ ಹೆದರಸ್ತಿದ್ಲು, "ರೊಟ್ಟಿ ಇಡ್ಲಿಲ್ಲಂದ್ರ ಅದು ನಿಮ್ಮನ್ನ ತಿಂತೈತಿ ನೋಡ್ರಿ" ಅಂತ.

ಆ ಕೌದಿ ಅವ್ವ ಒಗೀಲೇ ಇಲ್ಲ. ಒಗದ್ರ ತನ್ನ ಅವ್ವನ ವಾಸನಿ ಹೋಗತೈತಿ ಅಂತಿದ್ಲು. ಆವಾಗಾವಾಗ ಮುಖಕ್ಕ ಹಿಡಕೊಂಡು ಮೂಸಿ ಮಡಚಿ ಇಡಾಕಿ.

ಹೋದ ಮಳಿಗಾಲದಾಗ ತಂಗಿ ಬಾಣಂತನಕ್ಕ ಬಂದ್ಲು. ಆಕಿನ್ನ ಹಲಗೇರಿಗೆ ಕೊಟ್ಟೇವಿ. ಗಂಡ ರಾಣೆಬೆನ್ನೂರಾಗ ಬೀಜದ ಅಂಗಡ್ಯಾಗ ಕೆಲಸಕ್ಕದಾನ. ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೆ ಥಂಡಿ ಬಡೀಬಾರದಂತ ಅವ್ವ ಖೋಲಿ ಕಿಟಕಿಗೆ ಗೋಣಿಚೀಲ ಬಡದ್ಲು. ಹೊರಸಿನ ಕೆಳಗ ಕೆಂಡದ ಶೆಗಡಿ, ಅಲ್ಲೇ ಮೂಲ್ಯಾಗ ಬಿಸಿನೀರಿನ ಜಳಕ, ಮ್ಯಾಲ ಹೊಚ್ಚಾಕ ಆಯಿ ಕೌದಿ. ಖೋಲಿ ಗ್ವಾಡಿ ಮನಷ್ಯಾರಂಗ ಬೆವರತಿದ್ವು.

ನಾ ಪಡಸಾಲ್ಯಾಗ ಮಲಗತಿದ್ದೆ. ಒಂದಿನ ನಸುಕಿನ್ಯಾಗ ಸೀಟಿ ಕೇಳಿತು. ಒಣ ಕೆಮ್ಮು. ಮತ್ತ ಸೀಟಿ. ಅದು ಆಯಿದ ಸಪ್ಪಳ.

ಒಳಗ ಹೋಗಿ ನೋಡಿದ್ರ ತಂಗಿ ಹೊರಸಿನ ಮ್ಯಾಲ ಬಗ್ಗಿ ಕುಂತಾಳ. ಎರಡೂ ಕೈ ಮಣಕಾಲ ಮ್ಯಾಲ ಊರ್ಯಾಳ. ಥೇಟ್ ಆಯಿ ಕುಂದರತಿದ್ದಂಗ. ಹೆಗಲ ಮ್ಯಾಲ ಕೌದಿ. ಅವ್ವ ಬಾಗಲದಾಗ ಕೈಮುಗದು ನಿಂತಿದ್ಲು.

"ಬಂದ್ಲು ನೋಡು," ಅಂದ್ಲು ಸಣ್ಣಕ. "ಕೂಸನ್ನ ನೋಡಾಕ ಬಂದಾಳ."

"ತಲಿ ಕೆಟ್ಟೈತೇನವ್ವಾ? ಅಕಿಗೆ ಉಸಿರು ಆಡವಲ್ದು!"

ಹೊತ್ತೇರಿದಂಗ ಕಮ್ಮಿ ಆತು. ಅಡಗಿಮನ್ಯಾಗ ಕುಂತ್ರ ಏನೂ ಇಲ್ಲ, ನಗತಾಳ, ಮಾತಾಡತಾಳ. ಹೋಗಿ ಹೊರಸಿನ ಮ್ಯಾಲ ಬಿದ್ಲಂದ್ರ ಮತ್ತ ಸುರು.

ಬಾಜೂಮನಿ ಕಾಕೂ ಬಂದು ತಪ್ಪು ನನ್ನ ಮ್ಯಾಲ ಹಾಕಿದ್ಲು. "ಮೆಣಸಿನಕಾಯಿ ಚೀಲ ಹೊತ್ತು ಹೊತ್ತು ನೀನೂ ಒಂದು ಮೆಣಸಿನಕಾಯಿ ಆಗೀಯಲೇ. ನಿನ್ನ ಘಾಟಿಗೇ ಅಕಿ ಹಂಗ ಆಗ್ಯಾಳ. ಬಾಣಂತಿ ಕಡೆ ಸುಳೀಬ್ಯಾಡ."

ನಾ ಮಾರ್ಕೆಟ್‌ನ್ಯಾಗ ಹಮಾಲಿ, ಖರೇ. ಆದ್ರ ಆ ಮಳಿಯಾಗ ಮಾಲು ಎಲ್ಲಿ ಬರತೈತಿ? ನಾ ಚೀಲ ಮುಟ್ಟಿ ಎಷ್ಟೋ ದಿನ ಆಗಿತ್ತು. ಬ್ಯಾಡಗ್ಯಾಗ ಯಾರು ಕೆಮ್ಮಿದ್ರೂ ಮೆಣಸಿನಕಾಯಿ ಮ್ಯಾಲ ಹಾಕೂದು, ಅಷ್ಟ. ಅವ್ವ ಕಾಕೂನ ಮಾತು ಕೇಳಿ ಕಿಟಕಿ ಸಂದಿಗೆ ಇನ್ನಷ್ಟು ಅರಬಿ ಚಿಂದಿ ತುರುಕಿದ್ಲು. ಸೀಟಿ ಜೋರಾತು.

ತಂಗಿ ತುಟಿ ನೀಲಿಗಟ್ಟಿದ ದಿನ ನಾ ಯಾರನ್ನೂ ಕೇಳಲಿಲ್ಲ. ಗಾಡಿ ತಂದು, ಅವ್ವನ್ನ, ಕೂಸನ್ನ ಕೂಡ ಹತ್ತಿಸಿಕೊಂಡು ಹಾವೇರಿ ದವಾಖಾನಿಗೆ ಒಯ್ದೆ. ಮುಖಕ್ಕ ಮುಚ್ಚಿ ಔಷಧದ ಹೊಗಿ ಕೊಟ್ರು. ಉಸಿರು ಇಳೀತು. ಅವ್ವ ಕೂಸಿನ ಕೂಡ ಒಳಗ ಕುಂತಾಗ ಡಾಕ್ಟರ್ ಬಾಯಾರು ನನ್ನ ಹೊರಗ ಕರದ್ರು.

"ಏನು ಹೊಚಕೋತಾಳ?"

"ಕೌದಿ ರೀ. ನಮ್ಮ ಆಯಿದು."

"ಒಗದೀರೇನು?"

"ಇಲ್ರಿ."

"ಆಯಿಗೂ ದಮ್ಮಿತ್ತಾ?"

"ನಿಮಗ ಹ್ಯಾಂಗ ಗೊತ್ತಾತ್ರಿ?"

"ದಮ್ಮು ಮನಿತನದಾಗ ಬರತಿರತೈತಿ," ಅಂದ್ರು. ಆಮ್ಯಾಲ ಹೇಳಿದ್ರು, ಹಾಸಿಗಿ ಧೂಳಿನ್ಯಾಗ ಹುಳ ಇರತಾವಂತ. ಕಣ್ಣಿಗೆ ಕಾಣಂಗಿಲ್ಲ, ಕಡಿಯಂಗಿಲ್ಲ. ನಮ್ಮ ಮೈಯಿಂದ ಉದುರೂ ಚರ್ಮ ತಿಂದು ಬದುಕತಾವಂತ. ಬೆಚ್ಚಗ, ಹಸಿ ಇದ್ದಲ್ಲಿ ಹೆಚ್ಚಾಗತಾವಂತ. ಅವುಗಳ ಹಿಕ್ಕಿ ಪುಡಿಯಾಗಿ ಉಸಿರಿನ್ಯಾಗ ಹೋಗತೈತಿ, ಒಗ್ಗದವರಿಗೆ ದಮ್ಮು ಏಳತೈತಿ. ಬಾಯಾಗ ಎಳಕೊಳ್ಳೂ ಔಷಧದ ಪಂಪು ಕೊಟ್ರು, ತಪ್ಪಸಬ್ಯಾಡ್ರಿ ಅಂದ್ರು. ಕಿಟಕಿ ತಗೀರಿ, ಶೆಗಡಿ ಹೊರಗ ಇಡ್ರಿ, ಆ ಕೌದಿ ಕುದಿಯೂ ನೀರಾಗ ಹಾಕ್ರಿ ಅಂದ್ರು.

ಮನಿಗೆ ಬಂದು ಹಾಸಿಗಿ ನೋಡಿದೆ. ಏನೂ ಕಾಣಲಿಲ್ಲ. ಕಾಣದಿದ್ದದ್ದಕ್ಕ ಹೆಚ್ಚು ಅಂಜಿಕಿ ಬಂತು. ಕೈಲೇ ಒಂದು ಸಲ ಬಡದೆ. ಬಾಗಲದ ಬಿಸಲಾಗ ಧೂಳು ಎದ್ದು, ಕೆಳಗ ಇಳೀಲಾರದ ಅಲ್ಲೇ ತಿರಗಾಕತ್ತಿತು.

ಅವ್ವಗ ಎಲ್ಲಾ ಹೇಳಿದೆ. "ಆ ಹುಳ ಆಯಿ ಚರ್ಮ ತಿಂದು ಬೆಳದಾವವ್ವಾ" ಅಂದೆ.

ಅವ್ವ ಕೌದಿ ತನ್ನ ಕಡೆ ಎಳಕೊಂಡ್ಲು. ಆಮ್ಯಾಲ ಅಂದ್ಲು, "ಹಂಗಾರ ಅಕಿ ಅದರಾಗ ಅದಾಳ ಅಂದಂಗಾತು."

ಡಾಕ್ಟರ್ ಹೇಳಿದ್ದು, ಅವ್ವ ಹೇಳಿದ್ದು ಎರಡೂ ಒಂದ ಕಡೆ ಬಂದು ನಿಂತಿದ್ವು.

ಹೊರಸಿನ ಮ್ಯಾಲ ಕುಂತಿದ್ದ ತಂಗಿ ಮಾತಾಡಿದ್ಲು. ಎದ್ದ ಧೂಳಿಗೆ ಮತ್ತ ದಮ್ಮು ಹತ್ತಿ, ಒಂದೊಂದು ಮಾತಿಗೂ ನಿಂತು ಉಸಿರು ಹಿಡೀತಿದ್ಲು.

"ಅವ್ವಾ, ಆಯಿ ಆದ್ರ... ನನ್ನ ಎದಿ ಮ್ಯಾಲ ಯಾಕ ಕುಂದರ್ತಾಳ? ಈ ಕೂಸಿನ್ನ... ಯಾರು ನೋಡಬೇಕು?"

ಅವ್ವ ಎದ್ಲು. ಹಿತ್ತಲಕ್ಕ ಹೋಗಿ ಹಂಡೆಕ್ಕ ಉರಿ ಹಚ್ಚಿದ್ಲು.

"ಮೊದ್ಲ ಮೂಲಿ ಬಿಚ್ಚು," ಅಂದ್ಲು ನನಗ. "ಅದರಾಗ ಅಕಿ ಇಟ್ಟ ರೊಟ್ಟಿ ಐತಿ. ಕುದಸೂದು ಬ್ಯಾಡ."

ಬ್ಲೇಡಿಲೆ ದಾರ ಕೊಯ್ದು ಬೆರಳು ಹಾಕಿದೆ. ರೊಟ್ಟಿ ಇರಲಿಲ್ಲ. ಬೂದಿಯಂಥಾ ಸಣ್ಣ ಪುಡಿ ಬೆರಳಿಗೆ ಹತ್ತಿತು. ಯಾವುದು ತಿಂದಿತ್ತೋ. ಅವ್ವ ನನ್ನ ಬೆರಳ ನೋಡಿದ್ಲು. ನಾ ಲಗೂನ ಹಿತ್ತಲದಾಗ ಕೈ ತೊಳಕೊಂಡೆ.

ಹಸಿ ಆದ ಕೌದಿ ಹೆಣದಷ್ಟು ಭಾರ. ಇಬ್ಬರೂ ಕೂಡಿ ಹಂಡೆದಾಗ ಒತ್ತಿದ್ವಿ. ನೀರು ಕರ್ರಗಾತು. ಉಗಿಯಾಗ ಆಯಿ ವಾಸನಿ ಬಂತು. ಎಲಿಅಡಿಕಿ, ಕೊಬ್ಬರಿ ಎಣ್ಣಿ. ಅವ್ವ ಆ ಉಗಿಯಾಗ ಮುಖ ಇಟ್ಟು ನಿಂತ್ಲು. ನೀರು ಚೆಲ್ಲಿದ ಮ್ಯಾಲ ಆ ವಾಸನಿ ಮತ್ತ ಬರಲಿಲ್ಲ.

ಗೋಣಿಚೀಲ ಕಿತ್ತೆ. ಶೆಗಡಿ ಹೊರಗ ಹ್ವಾತು. ತಂಗಿಗೆ ಚಾಪಿ, ಒಗದ ಚಾದರ. ಪಂಪು ದಿನಾ. ಸೀಟಿ ಒಮ್ಮಿಗೇ ಹೋಗಲಿಲ್ಲ, ದಿನಾ ಒಂದೀಟು ಸಣ್ಣಾಗಕೋತ ಹ್ವಾತು.

ಒಂದಿನ ನಸುಕಿನ್ಯಾಗ ನನಗ ಎಚ್ಚರಾತು. ಮನಿ ಪೂರಾ ಸುಮ್ಮನಿತ್ತು. ಅವ್ವ ಖೋಲಿ ಬಾಗಲದಾಗ ಗ್ವಾಡಿಗೆ ಆನಕೊಂಡು ಕುಂತಿದ್ಲು, ಕಿವಿ ಒಳಗ ಕೊಟ್ಟು.

"ಇವತ್ತು ಬರಲಿಲ್ಲ ಅಕಿ," ಅಂದ್ಲು.

ಒಳಗ ತಂಗಿ ಹೊಳ್ಳಿ ಮಲಗಿದ್ಲು. ಉಸಿರು ಕೇಳಸಲೇ ಇಲ್ಲ. ನಾ ಹೋಗಿ ಬಗ್ಗಿ, ಆಕಿ ಎದಿ ಏರಿ ಇಳಿಯೂದನ್ನ ಕಣ್ಣಿಲೇ ನೋಡಿದ ಮ್ಯಾಲ ಹೊರಗ ಬಂದೆ.