ಮಿಸ್ ಹ್ಯಾರಿಯೆಟ್‌ ಅವರ ಮುತ್ತಜ್ಜಿ

ಸತ್ತವರನ್ನು ಹುಡುಕುವುದರಲ್ಲಿ ಇಷ್ಟೊಂದು ಉತ್ಸಾಹ ಇರಬಹುದೆಂದು ಮಿಸ್ ಹ್ಯಾರಿಯೆಟ್ ಅವರನ್ನು ನೋಡುವವರೆಗೆ ನನಗೆ ಗೊತ್ತಿರಲಿಲ್ಲ. ಐರ್ಲೆಂಡಿನ ಅತ್ಲೋನ್‌ನಲ್ಲಿ ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಮಹಿಳೆ, ಎಂಬತ್ತು ದಾಟಿದ್ದಾರೆ. ಕಸದ ಡಬ್ಬಿ ಹೊರಗಿಡುವಾಗಲೂ ಕೊರಳಲ್ಲಿ ಮುತ್ತಿನ ಸರ ಇರಲೇಬೇಕು. ಅಮ್ಮ ತೀರಿಕೊಂಡ ಮೇಲೆ ರಜೆಯ ದಿನಗಳನ್ನು ಕಳೆಯುವುದು ನನಗೆ ಕಷ್ಟವಾಗಿತ್ತು. ಅದನ್ನು ಹೇಗೋ ಗಮನಿಸಿದ ಅವರು ಸಮಾಧಾನ ಹೇಳಲಿಲ್ಲ. ಕಾರು ಓಡಿಸುವ ಕೆಲಸ ಕೊಟ್ಟರು. ಹೀಗೆ ನಾನು ಅವರ ವಂಶ ಹುಡುಕುತ್ತ ಹಳೆಯ ಚರ್ಚುಗಳ ಸ್ಮಶಾನ ಸುತ್ತತೊಡಗಿದೆ.

ದೊಡ್ಡ ಮನೆತನದವರನ್ನು ಹುಡುಕುವುದು ಕಷ್ಟವೇನಲ್ಲ. ಕಲ್ಲಿನಲ್ಲಿ ತಮ್ಮನ್ನು ಹೊಗಳಿಸಿಕೊಳ್ಳದೆ ಅವರು ಮಲಗುವುದಿಲ್ಲ. ಒಂದು ದಿನ ಮಿಸ್ ಹ್ಯಾರಿಯೆಟ್ ಅವರ, ಕರ್ನಲ್ ಆಗಿದ್ದ ಮುತ್ತಜ್ಜನ ಸಮಾಧಿ ಕಲ್ಲೂ ಸಿಕ್ಕಿತು. ನಾನು ಪಾಚಿ ಒರೆಸಿದೆ. ಮೊದಲು ಕರ್ನಲ್ ಸಾಹೇಬರ ಹೆಸರು, ಆಮೇಲೆ ಅವರ ಮೆಚ್ಚಿನ ನಾಯಿಯ ಹೆಸರು, ಕೊನೆಗೆ ಸಣ್ಣ ಅಕ್ಷರದಲ್ಲಿ ‘ಮತ್ತು ಅವರ ಪತ್ನಿ’.

“ಪಾಪ, ಮುತ್ತಜ್ಜಿನೂ ಸ್ವಲ್ಪ ಬೊಗಳಬೇಕಿತ್ತು,” ಎಂದರು ಮಿಸ್ ಹ್ಯಾರಿಯೆಟ್.

ನಾನು ನಕ್ಕೆ. ನಗಬಾರದಿತ್ತು. ಅಮ್ಮನ ವರ್ಷಾಬ್ದಿಕ ಹತ್ತಿರವಾಗಿತ್ತು. ಅಂದು ಅಮ್ಮ, ಅವಳ ಅತ್ತೆ, ಆ ಅತ್ತೆಯ ಅತ್ತೆ, ಮೂವರನ್ನೂ ಹೆಸರು ಹಿಡಿದು ಕರೆದು ನೀರು ಬಿಡಬೇಕು. ಮೂರನೆಯವಳ ಹೆಸರು ನನಗೆ ಗೊತ್ತಿರಲಿಲ್ಲ. ಅಷ್ಟರಿಂದ ಅಮ್ಮನ ಕಾರ್ಯ ಅರ್ಧಕ್ಕೇ ನಿಂತುಬಿಟ್ಟರೆ ಎಂಬ ಅಳುಕು. ಮೈಸೂರಿನ ಸೋದರತ್ತೆಗೆ ಫೋನ್ ಮಾಡಿದೆ.

“ನಾವು ಅಜ್ಜಿ ಅಂತಿದ್ವಿ ಕಣೋ. ತಾತ ‘ಲೇ, ಇವಳೇ’ ಅಂತಿದ್ರು. ಅಷ್ಟಕ್ಕೇ ಓಡಿ ಬರ್ತಿದ್ಲು. ಹೆಸರು ಯಾರಿಗೆ ಬೇಕಿತ್ತು?”

ವಿಡಿಯೋದಲ್ಲಿ ಮಂತ್ರ ಹೇಳಿಸುವ ಪುರೋಹಿತರು ಮಾತ್ರ ವಿಚಲಿತರಾಗಲಿಲ್ಲ. “ಅದಕ್ಯಾಕೆ ಗಾಬರಿ ಸ್ವಾಮಿ? ಹೆಸರು ಗೊತ್ತಿಲ್ಲದವರಿಗೆಲ್ಲ ಗಂಗಾ ಅಂತ ಹೇಳಿ, ನಡೆಯತ್ತೆ. ನಿಮ್ಮ ನೆಟ್‌ವರ್ಕ್ ಸರಿಯಾಗಿರ್ಲಿ, ಸಾಕು.”

ವರ್ಷಾಬ್ದಿಕದ ದಿನ ಹಿತ್ತಲಲ್ಲಿ ಜಿನುಗು ಮಳೆ. ಮಿಸ್ ಹ್ಯಾರಿಯೆಟ್ ಬಂದು ಕೊಡೆ ಹಿಡಿದರು, ನನಗಲ್ಲ, ಫೋನಿಗೆ. ಅಮ್ಮನ ಹೆಸರನ್ನು ನಾನು ಎರಡು ಸಲ ಹೇಳಬೇಕಾಯಿತು. ಅವರು ಆಕಾಶ ನೋಡಿದರು. ಎಲ್ಲ ಮುಗಿದು ಪುರೋಹಿತರು ತೆರೆಯಿಂದ ಮರೆಯಾದ ಮೇಲೆ, ಮೂರನೆಯವಳು ಯಾರೆಂದು ಮಿಸ್ ಹ್ಯಾರಿಯೆಟ್ ಕೇಳಿದರು. ಹೇಳಿದೆ.

“ಆ ಹೆಸರಲ್ಲಿ ಇನ್ನೊಬ್ಬಳಿಗೆ ಜಾಗ ಇದೆಯಾ?”

ಶಾಸ್ತ್ರ ನನಗೆ ಗೊತ್ತಿಲ್ಲ. ಗಂಗಾ ಎಂದು ಹೇಳಿ ಇನ್ನೊಮ್ಮೆ ನೀರು ಬಿಟ್ಟೆ.

“ಗ್ರ್ಯಾಂಡ್,” ಎಂದರು; ಸರಿಹೋಯಿತು ಎನ್ನಲು ಇಲ್ಲಿನವರ ಮಾತು. ಆ ಸಂಜೆಯೇ ತಮ್ಮ ವಂಶವೃಕ್ಷದಲ್ಲಿ ಕರ್ನಲ್ ಸಾಹೇಬರ ಪಕ್ಕ ‘ಗಂಗಾ’ ಎಂದು ಬರೆದರು. ಅದೂ ಶಾಯಿಯಲ್ಲಿ.

“ಪೆನ್ಸಿಲ್‌ನಲ್ಲಾದ್ರೂ ಬರೀರಿ. ಮುಂದೆ ಯಾರಾದ್ರೂ ನಂಬಿಬಿಟ್ರೆ?”

“ನಂಬ್ಲಿ. ಅವಳನ್ನ ಹುಡುಕ್ತಾ ಮೈಸೂರಿಗೇ ಹೋಗ್ಲಿ. ಇಷ್ಟು ವರ್ಷದ ಮೇಲಾದ್ರೂ ಅವಳು ಯಾರು ಅಂತ ಒಬ್ರು ವಿಚಾರಿಸಿದ ಹಾಗಾಗತ್ತೆ.”