ಮೇಲೇರಿದ ಅಂಗಿ ತೋಳು

ನೆಗಡಿಗೆ ಇಂಜೆಕ್ಷನ್ ಬೇಕಿಲ್ಲ ಎಂದು ಸಂಶೋಧನೆಗಳು ಹೇಳುತ್ತ ಬಂದು ವರ್ಷಗಳೇ ಆದವು. ಆ ಮಾತು ನಮ್ಮ ಕಡೆಯ ದವಾಖಾನೆಗಳಿಗೆ ಎಷ್ಟು ಮುಟ್ಟಿದೆ ಎಂದು ಅಳೆಯುವುದೇ ನನ್ನ ಕೆಲಸ. ಕೇಳಿದರೆ ಡಾಕ್ಟರರೆಲ್ಲ "ಸೂಜಿ ಬಿಟ್ಟೇವ್ರಿ" ಎನ್ನುತ್ತಾರೆ. ಇಂಥ ಬಾಯಿಮಾತಿನ ಉತ್ತರ ಕಂಡರೆ ನನಗಾಗದು. ಅದಕ್ಕೇ ಚಿಕ್ಕೋಡಿಯ ಒಬ್ಬ ಡಾಕ್ಟರರ ಕೋಣೆಯಲ್ಲೇ ಹೋಗಿ ಕೂತೆ.

ಕಬ್ಬೂರಿನ ಅಜ್ಜನೊಬ್ಬ ಸೀನುತ್ತ ಬಂದು, ಸ್ಟೂಲಿನ ಮೇಲೆ ಕೂತವನೇ ಅಂಗಿಯ ತೋಳು ಮೇಲೇರಿಸಿದ.

"ಸೂಜಿ ಬ್ಯಾಡಜ್ಜಾ, ನೆಗಡಿ ತಾನ ಹೋಗತೈತಿ," ಎಂದರು ಡಾಕ್ಟರು.

"ಹಂಗಾದ್ರ ನಾ ಬಸ್ ಹತ್ತಿ ಬಂದದ್ದು ಯಾತಕ್ಕರಿ?" ಅಜ್ಜ ತೋಳು ಇಳಿಸಲಿಲ್ಲ.

ಡಾಕ್ಟರು ಆ ತೋಳಿಗೇ ಬಿಪಿ ಪಟ್ಟಿ ಸುತ್ತಿ ಪುಸುಪುಸು ಗಾಳಿ ತುಂಬಿದರು. ಪಟ್ಟಿ ಬಿಗಿಯಿತು, ಅಜ್ಜನ ಮುಖ ಅರಳಿತು. "ಈಗ ಹಗುರಾತ್ ನೋಡ್ರಿ," ಎಂದು ಎದ್ದು ಹೋದ.

"ಸೂಜಿ ಬ್ಯಾಡ ಅಂತ ಸಂಶೋಧನಾ ಮಾಡಿದವರು ಹೇಳ್ಯಾರ್ರಿ. ಏರಿಸಿದ ತೋಳಿಗೆ ಏನ್ ಮಾಡಬೇಕಂತ ನಾನ ಕಂಡ್ಕೊಂಡೇನಿ," ಎಂದು ಡಾಕ್ಟರು ನಕ್ಕರು.

ಮರುವಾರ ನನಗೇ ನೆಗಡಿ. ಅದೇ ಸ್ಟೂಲಿನ ಮೇಲೆ ಹೋಗಿ ಕೂತೆ. ಡಾಕ್ಟರು ಏನನ್ನೂ ಕೇಳದೆ ಬಿಪಿ ಪಟ್ಟಿ ಕೈಗೆತ್ತಿಕೊಂಡರು. ನೋಡಿದರೆ, ನನ್ನ ಅಂಗಿಯ ತೋಳು ಆಗಲೇ ಮೇಲೇರಿತ್ತು.